ಒಂದೇ ಕಿವಿ, ಎರಡು ಸೋಂಕು: ಆ್ಯಂಟಿಬಯಾಟಿಕ್ ಹನಿ ಎಲ್ಲಿ ಬೇಕು, ಎಲ್ಲಿ ಬೇಡ

ಮೇ ತಿಂಗಳು, ಮಂಗಳೂರು. ಮಗಳಿಗೆ ಈಜು ಕಲಿಸಲು ರಜೆಯಿಡೀ ಅವಳ ಜೊತೆ ಕೊಳಕ್ಕಿಳಿದ 41 ವರ್ಷದ ಬ್ಯಾಂಕ್ ನೌಕರರೊಬ್ಬರಿಗೆ ಎರಡನೇ ವಾರದ ಹೊತ್ತಿಗೆ ಬಲಗಿವಿ ತುರಿಸತೊಡಗಿತು. ಬಡ್ಸ್ ಹಾಕಿ ತಿರುವಿದಾಗ ಹಾಯೆನಿಸಿತು, ಮರುದಿನ ನೋವು ಶುರುವಾಯಿತು. ಮನೆಯಲ್ಲಿ ಅಮ್ಮ ಬೆಳ್ಳುಳ್ಳಿ ಹಾಕಿ ಕಾಯಿಸಿದ ತೆಂಗಿನೆಣ್ಣೆಯನ್ನು ಬೆಚ್ಚಗೆ ನಾಲ್ಕು ಹನಿ ಬಿಟ್ಟರು. ಮೂರನೇ ದಿನ ಮೆಡಿಕಲ್ ಶಾಪಿನಿಂದ ಅಮಾಕ್ಸಿಸಿಲಿನ್ 500 ಮಿ.ಗ್ರಾಂ ಮಾತ್ರೆಯೂ ಗುಗ್ಗೆ ಕರಗಿಸುವ ಡ್ರಾಪ್ಸೂ ಬಂದವು. ನಾಲ್ಕನೇ ದಿನ ಬೆಳಿಗ್ಗೆ ದವಡೆ ಅಲ್ಲಾಡಿಸಿ ದೋಸೆ ಅಗಿಯಲೂ ಆಗದೆ ಇ.ಎನ್.ಟಿ. ವಿಭಾಗಕ್ಕೆ ಬಂದರು.

ಇದು ಯಾರೋ ಒಬ್ಬರ ಕಡತದಿಂದ ಎತ್ತಿದ್ದಲ್ಲ. ಬೇಸಿಗೆ ರಜೆಯಿಂದ ಮಳೆಗಾಲ ಮುಗಿಯುವವರೆಗೆ ಕರಾವಳಿಯಲ್ಲಿ ಮತ್ತೆ ಮತ್ತೆ ಕಾಣುವ ಇಂಥ ಕಿವಿಗಳನ್ನು ಸೇರಿಸಿ ಕಟ್ಟಿದ ಪ್ರಕರಣ. ಔಷಧ, ಪ್ರಮಾಣ ಮತ್ತು ತಪ್ಪುಗಳೆಲ್ಲ ನಿಜವಾಗಿ ಕಾಣುವಂಥವೇ. ಈ ಪ್ರಕರಣವನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಆ್ಯಂಟಿಬಯಾಟಿಕ್ ಹನಿಯೇ ಸರಿಯಾದ ಮದ್ದಾಗಿದ್ದ ಕಿವಿಯೇ ಮೂರು ವಾರಗಳ ನಂತರ ಅದೇ ಹನಿಯಿಂದ ಕೆಟ್ಟಿತು. ಆ್ಯಂಟಿಬಯಾಟಿಕ್ ಇರುವ ಮತ್ತು ಇಲ್ಲದ ಎರಡು ಬಗೆಯ ಹನಿಗಳನ್ನು ಹೋಲಿಸಲು ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಸಿಗುವುದು ಕಷ್ಟ.

ನಾಲ್ಕನೇ ದಿನದ ಕಿವಿ

ಕಿವಿಯಾಲೆಯನ್ನು ಮೆಲ್ಲಗೆ ಹಿಂದಕ್ಕೆಳೆದಾಗಲೇ ಅವರ ಮುಖ ಕಿವುಚಿತು. ರಂಧ್ರದ ಮುಂದಿರುವ ಪುಟ್ಟ ಮೃದ್ವಸ್ಥಿಯ ತುಂಡನ್ನು ಒತ್ತಿದಾಗ ಕೈ ಹಿಡಿದು ತಡೆದರು. ಹೊರಗಿವಿಯ ಸೋಂಕಿಗೆ ಇದಕ್ಕಿಂತ ಒಳ್ಳೆಯ ಗುರುತಿಲ್ಲ. ನಡುಗಿವಿಯ ಸೋಂಕಿನಲ್ಲಿ ನೋವು ಒಳಗಿರುತ್ತದೆ, ಆಲೆ ಎಳೆದರೆ ಹೆಚ್ಚಾಗುವುದಿಲ್ಲ. ಅಲ್ಲಿ ಸಾಮಾನ್ಯವಾಗಿ ಮೊದಲು ಶೀತ, ಜ್ವರ ಬಂದಿರುತ್ತದೆ, ಕಿವಿಯ ತಮಟೆ ಒಡೆದು ಕೀವು ಹೊರಬಂದೊಡನೆ ನೋವು ಇಳಿಯುತ್ತದೆ. ಇವರಿಗೆ ಶೀತವೂ ಇರಲಿಲ್ಲ, ಜ್ವರವೂ ಇರಲಿಲ್ಲ.

ನೋವು ಇಷ್ಟು ತೀವ್ರವಾಗಿರಲು ಕಿವಿನಾಳದ ರಚನೆಯೇ ಕಾರಣ. ದೊಡ್ಡವರಲ್ಲಿ ನಾಳದ ಉದ್ದ ಸುಮಾರು 2.5 ಸೆಂ.ಮೀ. ಹೊರಗಿನ ಮೂರನೇ ಒಂದು ಭಾಗ ಮೃದ್ವಸ್ಥಿ, ಒಳಗಿನ ಮೂರನೇ ಎರಡು ಭಾಗ ಮೂಳೆ. ಮೂಳೆಯ ಮೇಲಿನ ಚರ್ಮ ತೀರಾ ತೆಳು, ಅದರಡಿಯಲ್ಲಿ ಕೊಬ್ಬಿನ ಮೆತ್ತೆಯಿಲ್ಲ. ಊದಿಕೊಂಡ ಚರ್ಮಕ್ಕೆ ಹಿಗ್ಗಲು ಜಾಗವೇ ಇಲ್ಲದೆ ಮೂಳೆಗೆ ಒತ್ತಿಕೊಳ್ಳುತ್ತದೆ.

ನಾಳದಲ್ಲಿ ಬೆಳ್ಳಗಿನ ಹಿಟ್ಟಿನಂಥ ಕೊಳೆ, ಅದರ ಸುತ್ತ ತೆಳುವಾದ ಹಸಿರು ಮಿಶ್ರಿತ ದ್ರವ, ಎಲ್ಲದರ ಮೇಲೆ ಎಣ್ಣೆಯ ಜಿಡ್ಡು. ದ್ರವ ಲೋಳೆಯಾಗಿ ನೂಲುತ್ತಿರಲಿಲ್ಲ. ಇದನ್ನು ನೋಡಿಯೇ ತೀರಬೇಕು. ಹೊರನಾಳದಲ್ಲಿ ಲೋಳೆ ಸುರಿಸುವ ಗ್ರಂಥಿಗಳಿಲ್ಲ, ಸೋರುವುದು ನೂಲುನೂಲಾಗಿದ್ದರೆ ಅದು ತಮಟೆಯ ತೂತಿನ ಮೂಲಕ ನಡುಗಿವಿಯಿಂದ ಬಂದದ್ದು ಎಂದೇ ತಿಳಿಯಬೇಕು. ನಾಳ ಊದಿ ಬೆಂಕಿಕಡ್ಡಿ ತೂರುವಷ್ಟು ಮಾತ್ರ ಉಳಿದಿದ್ದರಿಂದ ತಮಟೆ ಕಾಣಲಿಲ್ಲ. 512 ಹರ್ಟ್ಸ್‌ನ ಶ್ರುತಿಕವೆಯನ್ನು (ಟ್ಯೂನಿಂಗ್ ಫೋರ್ಕ್) ಹಣೆಯ ಮೇಲಿಟ್ಟಾಗ ಸದ್ದು ಬಲಗಿವಿಯಲ್ಲೇ ಜೋರಾಗಿ ಕೇಳಿಸಿತು, ಅಂದರೆ ಕಿವಿ ಮುಚ್ಚಿಕೊಂಡಿದೆ, ಒಳಗಿವಿಯ ನರಕ್ಕೆ ಏನೂ ಆಗಿಲ್ಲ. ಆಲೆಯ ಹಿಂದಿನ ಮಡಿಕೆ ಹಾಗೆಯೇ ಇತ್ತು, ಮುಖದ ಎರಡೂ ಬದಿ ಸಮನಾಗಿ ಅಲ್ಲಾಡುತ್ತಿತ್ತು, ಅಂದರೆ ಸೋಂಕು ಕಿವಿಯ ಹಿಂದಿನ ಮೂಳೆಗೂ ಮುಖದ ನರಕ್ಕೂ ಹರಡಿದ ಗುರುತಿರಲಿಲ್ಲ.

ಬೆರಳಿಗೆ ಚುಚ್ಚಿ ಸಕ್ಕರೆ ನೋಡಲಾಯಿತು, ಸಹಜವಾಗಿತ್ತು. ಕಿವಿನೋವಿಗೆ ಸಕ್ಕರೆ ಪರೀಕ್ಷೆ ಯಾಕೆ ಎಂದು ಹಲವರು ಕೇಳುತ್ತಾರೆ. ಇದೇ ಕಿವಿ 68 ವರ್ಷದ ಮಧುಮೇಹಿ ಅಮ್ಮನದಾಗಿದ್ದರೆ, ಕಾಣುವ ಊತಕ್ಕೆ ಮೀರಿದ ನೋವು ಅವರನ್ನು ರಾತ್ರಿ ನಿದ್ದೆಯಿಂದ ಎಬ್ಬಿಸುತ್ತಿದ್ದರೆ, ನಾಳದ ತಳದಲ್ಲಿ ಮೃದ್ವಸ್ಥಿ ಮತ್ತು ಮೂಳೆ ಸೇರುವಲ್ಲಿ ಕೆಂಪು ಮಾಂಸದ ಕುಡಿ ಕಂಡಿದ್ದರೆ, ಹನಿಯ ಮಾತೇ ಬರುತ್ತಿರಲಿಲ್ಲ. ಸೋಂಕು ತಲೆಬುರುಡೆಯ ಮೂಳೆಗೆ ಇಳಿದಿರಬಹುದು. ಆಗ ಸ್ಕ್ಯಾನ್ ಬೇಕು, ವಾರಗಟ್ಟಲೆ ಮಾತ್ರೆ ಅಥವಾ ಇಂಜೆಕ್ಷನ್ ಬೇಕು. ಅಂಥವರಿಗೆ ಒಂದು ಸೀಸೆ ಕೊಟ್ಟು ಕಳಿಸಿಬಿಡುವುದು ಅಪಾಯಕಾರಿ.

ಹಿಂದಿನ ಮೂರು ಮದ್ದುಗಳು ಯಾಕೆ ಕೆಲಸ ಮಾಡಲಿಲ್ಲ

ಹೊರಗಿವಿಯ ಸೋಂಕಿಗೆ ಮುಖ್ಯ ಕಾರಣ ಎರಡು ಬ್ಯಾಕ್ಟೀರಿಯಾಗಳು, ಸ್ಯೂಡೋಮೋನಾಸ್ ಎರುಜಿನೋಸಾ ಮತ್ತು ಸ್ಟ್ಯಾಫಿಲೋಕಾಕಸ್ ಆರಿಯಸ್. ಒದ್ದೆ ಕಿವಿಯಲ್ಲಿ ಮೊದಲನೆಯದರದ್ದೇ ಕಾರುಬಾರು, ಅಮಾಕ್ಸಿಸಿಲಿನ್ ಅದಕ್ಕೆ ತಾಗುವುದೇ ಇಲ್ಲ. ಗುಗ್ಗೆ ಕರಗಿಸುವ ಡ್ರಾಪ್ಸ್‌ನಲ್ಲಿ ಸಾಮಾನ್ಯವಾಗಿ ಪ್ಯಾರಾಡೈಕ್ಲೋರೋಬೆಂಜೀನ್, ಟರ್ಪೆಂಟೈನ್ ಎಣ್ಣೆ, ಬೆಂಜೋಕೇಯ್ನ್ ಇರುತ್ತವೆ. ಸುಲಿದ ಚರ್ಮಕ್ಕೆ ಟರ್ಪೆಂಟೈನ್ ಬಿದ್ದರೆ ಉರಿ ಹೆಚ್ಚುತ್ತದೆ, ಬೆಂಜೋಕೇಯ್ನ್ ನೋವನ್ನು ಅರ್ಧ ಗಂಟೆ ಮರೆಮಾಚಿ ದಿನ ಕಳೆಯುವಂತೆ ಮಾಡುತ್ತದೆ. ಇನ್ನು ಎಣ್ಣೆ. ಅಮ್ಮನ ಕಾಳಜಿಯ ಬಗ್ಗೆ ಎರಡು ಮಾತಿಲ್ಲ. ಆದರೆ ಎಣ್ಣೆಯ ಪದರ ಕೊಳೆಯನ್ನು ಒಳಗೇ ಹಿಡಿದಿಡುತ್ತದೆ, ಆಮೇಲೆ ಬಿಡುವ ನೀರಿನಂಥ ಹನಿಯನ್ನು ಚರ್ಮಕ್ಕೆ ತಾಗಗೊಡುವುದಿಲ್ಲ.

ಯಾವ ಹನಿ? ಲೆಕ್ಕಾಚಾರ

ಆ್ಯಂಟಿಬಯಾಟಿಕ್ ಅಲ್ಲದ ಹನಿಗಳಲ್ಲಿ ಹೆಚ್ಚು ಅಧ್ಯಯನವಾಗಿರುವುದು ಶೇ. 2ರ ಅಸೆಟಿಕ್ ಆಮ್ಲ, ಅಂದರೆ ವಿನೆಗರ್‌ನಲ್ಲಿರುವ ಆಮ್ಲವೇ. ಆರೋಗ್ಯವಂತ ಕಿವಿನಾಳ ಗುಗ್ಗೆಯಿಂದಾಗಿ ತುಸು ಹುಳಿಯಾಗಿರುತ್ತದೆ. ನೀರು ಮತ್ತು ಬಡ್ಸ್ ಸೇರಿ ಗುಗ್ಗೆಯನ್ನು ತೆಗೆದುಹಾಕಿದಾಗ ಆ ಹುಳಿ ಹೋಗಿ ಸ್ಯೂಡೋಮೋನಾಸ್‌ಗೆ ಬೇಕಾದ ನೆಲ ಸಿದ್ಧವಾಗುತ್ತದೆ. ಆಮ್ಲದ ಹನಿ ನಾಳದ pHಅನ್ನು ಮತ್ತೆ ಕೆಳಗಿಳಿಸುತ್ತದೆ, ಅಂದರೆ ಆ ಹುಳಿಯನ್ನು ಮರಳಿ ತರುತ್ತದೆ. ಅಸೆಟಿಕ್ ಆಮ್ಲದ ಅಣು ಬ್ಯಾಕ್ಟೀರಿಯಾದ ಗೋಡೆ ದಾಟಿ ಒಳಹೋಗಬಲ್ಲದಾದ್ದರಿಂದ ಕೋಶವನ್ನು ಒಳಗಿನಿಂದಲೂ ಹುಳಿಯಾಗಿಸುತ್ತದೆ. ಶಿಲೀಂಧ್ರಕ್ಕೂ ಅದು ಒಗ್ಗುವುದಿಲ್ಲ. ಬ್ರಿಟನ್ನಿನಲ್ಲಿ 12 ವರ್ಷ ದಾಟಿದವರಿಗೆ ಇದರ ಸ್ಪ್ರೇ ಚೀಟಿಯಿಲ್ಲದೆ ಸಿಗುತ್ತದೆ. ನಮ್ಮಲ್ಲಿ ಎಲ್ಲ ಮೆಡಿಕಲ್ ಶಾಪಿನಲ್ಲೂ ಇರುವಂಥದಲ್ಲ, ನಮ್ಮ ಕಡೆ ಹಳೆಯ ರೂಢಿಯ ಆ್ಯಂಟಿಬಯಾಟಿಕ್ ರಹಿತ ಮದ್ದೆಂದರೆ ಶೇ. 10ರ ಇಕ್ತಮಾಲ್ ಗ್ಲಿಸರಿನ್. ಅದರಲ್ಲಿ ಅದ್ದಿದ ಗಾಜ್ ಬಟ್ಟೆಯ ಪಟ್ಟಿಯನ್ನು ನಾಳಕ್ಕೆ ತುಂಬಿದರೆ ಗ್ಲಿಸರಿನ್ ಊತದ ನೀರನ್ನು ಹೀರಿಕೊಳ್ಳುತ್ತದೆ.

ಆ್ಯಂಟಿಬಯಾಟಿಕ್ ಕಡೆ ಮುಖ್ಯವಾದವು ಶೇ. 0.3ರ ಸಿಪ್ರೋಫ್ಲಾಕ್ಸಾಸಿನ್ ಅಥವಾ ಆಫ್ಲಾಕ್ಸಾಸಿನ್, ಹಲವು ಸೀಸೆಗಳಲ್ಲಿ ಜೊತೆಗೆ ಶೇ. 0.1ರ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್. ನಿಯೋಮೈಸಿನ್ ಇರುವ ಹನಿಗಳೂ ಉಂಟು. ನಿಯೋಮೈಸಿನ್‌ನಲ್ಲಿ ಎರಡು ತೊಡಕು: ಚರ್ಮದ ಅಲರ್ಜಿಗೆ ಅದು ಹೆಸರುವಾಸಿ, ಮತ್ತು ತಮಟೆಯಲ್ಲಿ ತೂತಿದ್ದರೆ ಒಳಗಿವಿಗೆ ಇಳಿದು ಕೇಳುವ ಶಕ್ತಿಗೇ ಕುತ್ತು ತರಬಲ್ಲದು.

ಯಾವುದು ಮೇಲು ಎಂಬುದನ್ನು ನೆದರ್ಲೆಂಡ್ಸ್‌ನ ವೈದ್ಯರು 213 ವಯಸ್ಕರ ಮೇಲೆ ನೇರವಾಗಿ ಪರೀಕ್ಷಿಸಿ 2003ರಲ್ಲಿ ಪ್ರಕಟಿಸಿದರು. ಬರೀ ಅಸೆಟಿಕ್ ಆಮ್ಲ ಹಾಕಿಕೊಂಡವರಿಗೆ ತೊಂದರೆ ಇದ್ದದ್ದು ಮಧ್ಯಾಂಕದ (ಸಾಲಾಗಿ ಜೋಡಿಸಿದಾಗ ನಟ್ಟನಡುವೆ ಬರುವವರ) ಲೆಕ್ಕದಲ್ಲಿ 8 ದಿನ, ಆಮ್ಲದ ಜೊತೆ ಸ್ಟೀರಾಯ್ಡ್ ಹಾಕಿಕೊಂಡವರಿಗೆ 7 ದಿನ, ಆ್ಯಂಟಿಬಯಾಟಿಕ್ ಜೊತೆ ಸ್ಟೀರಾಯ್ಡ್ ಹಾಕಿಕೊಂಡವರಿಗೆ 6 ದಿನ. ಎರಡು ಮತ್ತು ಮೂರನೇ ವಾರಗಳಲ್ಲಿ ಬರೀ ಆಮ್ಲದ ಗುಂಪು ಸ್ಪಷ್ಟವಾಗಿ ಹಿಂದೆ ಬಿತ್ತು. ನಮ್ಮ ಕಣ್ಣಿಗೆ ಬೀಳುವುದು ನಡುವಿನ ಗುಂಪು. ಅದರಲ್ಲಿ ಆ್ಯಂಟಿಬಯಾಟಿಕ್ ಇರಲಿಲ್ಲ, ಆದರೂ ಮೂರನೆಯದಕ್ಕೆ ಹತ್ತಿರ ಬಂತು. ಊತ ಇಳಿಸುವ ಸ್ಟೀರಾಯ್ಡ್‌ನ ಪಾತ್ರ ಆ್ಯಂಟಿಬಯಾಟಿಕ್‌ನದ್ದಕ್ಕಿಂತ ಕಡಿಮೆಯೇನಲ್ಲ ಎಂದಾಯಿತು.

ನಡೆದ ಪ್ರಯೋಗಗಳನ್ನೆಲ್ಲ ಕಲೆಹಾಕಿ ತೂಗಿನೋಡುವ ಕಾಕ್ರೇನ್ ಸಂಸ್ಥೆಯ 2010ರ ವಿಮರ್ಶೆ 19 ಪ್ರಯೋಗಗಳ 3,382 ಜನರ ವಿವರಗಳನ್ನು ಒಟ್ಟಿಗೆ ನೋಡಿತು. ಮೊದಲ ವಾರ ಆಮ್ಲವೂ ಆ್ಯಂಟಿಬಯಾಟಿಕ್–ಸ್ಟೀರಾಯ್ಡ್ ಹನಿಯೂ ಹೆಚ್ಚುಕಡಿಮೆ ಸಮ, ವಾರ ದಾಟಿದರೆ ಆಮ್ಲ ಸೋಲುತ್ತದೆ ಎಂಬ ಮಾತೇ ಅಲ್ಲೂ ಬಂತು. ಬೇರೆ ಬೇರೆ ಆ್ಯಂಟಿಬಯಾಟಿಕ್ ಹನಿಗಳ ನಡುವೆ ಮಾತ್ರ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ.

ಹಾಗಾದರೆ ಈ ಕಿವಿಗೆ ಆಮ್ಲವನ್ನು ಯಾಕೆ ಕೊಡಲಿಲ್ಲ? ಮುಖ್ಯ ಕಾರಣ, ತಮಟೆ ಕಾಣುತ್ತಿರಲಿಲ್ಲ. ಅದರಲ್ಲಿ ತೂತಿದೆಯೋ ಇಲ್ಲವೋ ಗೊತ್ತಿಲ್ಲದಿದ್ದಾಗ ಇದೆಯೆಂದೇ ಭಾವಿಸಿ ನಡೆಯಬೇಕು. ಆಮ್ಲ ತೂತಿನಿಂದ ನಡುಗಿವಿಗೆ ಇಳಿದರೆ ಸಹಿಸಲಾಗದ ಉರಿ, ನಿಯೋಮೈಸಿನ್ ಇಳಿದರೆ ಒಳಗಿವಿಗೆ ಅಪಾಯ. ತೂತಿದ್ದರೂ ಧೈರ್ಯವಾಗಿ ಬಿಡಬಹುದಾದ್ದು ಸಿಪ್ರೋಫ್ಲಾಕ್ಸಾಸಿನ್ ಅಥವಾ ಆಫ್ಲಾಕ್ಸಾಸಿನ್ ಹನಿ. ಜೊತೆಗೆ ಊತ ಜೋರಾಗಿತ್ತು, ಸ್ಟೀರಾಯ್ಡ್ ಬೇಕೇ ಬೇಕಿತ್ತು. ಸುಲಿದ ಚರ್ಮದ ಮೇಲೆ ಆಮ್ಲದ ಉರಿಯೂ ಸಣ್ಣದಲ್ಲ, ಉರಿಯಾದರೆ ರೋಗಿ ಎರಡನೇ ದಿನವೇ ಹನಿ ನಿಲ್ಲಿಸುತ್ತಾನೆ.

ಇದೇ ಮನುಷ್ಯ ಮೊದಲ ದಿನ, ಬರೀ ತುರಿಕೆ ಮತ್ತು ಸಣ್ಣ ನೋವಿನೊಂದಿಗೆ, ತಮಟೆ ಸರಿಯಾಗಿ ಕಾಣುವಂತಿದ್ದಾಗ ಬಂದಿದ್ದರೆ ಉತ್ತರ ಬೇರೆಯಿರುತ್ತಿತ್ತು. ಶೇ. 2ರ ಅಸೆಟಿಕ್ ಆಮ್ಲ 3–5 ಹನಿ, 4ರಿಂದ 6 ಗಂಟೆಗೊಮ್ಮೆ, ಏಳು ದಿನ. ಅಷ್ಟರಲ್ಲಿ ಗುಣವಾಗದಿದ್ದರೆ ಆಮ್ಲವನ್ನೇ ಮುಂದುವರಿಸದೆ ಬದಲಿಸಬೇಕು. ಆ ಹಂತದಲ್ಲಿ ಆ್ಯಂಟಿಬಯಾಟಿಕ್ ಖರ್ಚು ಮಾಡಬೇಕಾದ ಅಗತ್ಯವೇ ಇಲ್ಲ.

ಹನಿಗಿಂತ ಮೊದಲು ದಾರಿ

ನಾಲ್ಕನೇ ದಿನದ ಆ ಅರ್ಧ ಗಂಟೆಯಲ್ಲಿ ಹೆಚ್ಚಿನ ಹೊತ್ತು ಹೋದದ್ದು ಸೀಸೆ ಆರಿಸುವುದಕ್ಕಲ್ಲ, ನಾಳ ಶುಚಿ ಮಾಡುವುದಕ್ಕೆ. ಸಣ್ಣ ಸಕ್ಷನ್ ತುದಿಯಿಂದ ಕೊಳೆ ಮತ್ತು ಎಣ್ಣೆಯನ್ನು ಎಳೆದು, ಲೋಹದ ಕಡ್ಡಿಗೆ ಹತ್ತಿ ಸುತ್ತಿ ಒಣಗುವವರೆಗೆ ಒರೆಸಲಾಯಿತು. ಸಿರಿಂಜಿನಲ್ಲಿ ನೀರು ಹಾಯಿಸಲಿಲ್ಲ: ತಮಟೆ ಕಾಣದ ಕಿವಿಗೆ ಪಿಚಕಾರಿ ಹೊಡೆಯಬಾರದು, ಒದ್ದೆಯಿಂದ ಬಂದ ರೋಗಕ್ಕೆ ಮತ್ತೆ ನೀರು ಹಾಕುವುದೂ ಸಲ್ಲ.

ನಂತರ ಒಣಗಿದ ಸ್ಪಂಜಿನ ಬತ್ತಿಯನ್ನು ಊದಿದ ನಾಳದೊಳಗೆ ತೂರಿಸಿ ಮೇಲೆ ಹನಿ ಬಿಟ್ಟಾಗ ಅದು ಹೀರಿ ಉಬ್ಬಿ ಗೋಡೆಗೆ ಅಂಟಿ ನಿಂತಿತು. ಬತ್ತಿ ಇಲ್ಲದಿದ್ದರೆ ಬಿಟ್ಟ ಹನಿ ಕಿವಿಬಾಯಲ್ಲೇ ನಿಂತು ಕೆನ್ನೆಗೆ ಇಳಿಯುತ್ತದೆ. 'ಮದ್ದು ಹಾಕಿದೆ, ಗುಣ ಕಾಣಲಿಲ್ಲ' ಎನ್ನುವ ಬಹಳಷ್ಟು ಪ್ರಕರಣಗಳಲ್ಲಿ ಮದ್ದು ಒಳಗೆ ಹೋಗಿರುವುದೇ ಇಲ್ಲ.

ಬರೆದುಕೊಟ್ಟದ್ದು ಇಷ್ಟು: ಸಿಪ್ರೋಫ್ಲಾಕ್ಸಾಸಿನ್–ಡೆಕ್ಸಾಮೆಥಾಸೋನ್ ಹನಿ, ಬಲಗಿವಿಗೆ 4 ಹನಿ, ದಿನಕ್ಕೆರಡು ಬಾರಿ, 7 ದಿನ. ಮೊದಲ ಎರಡು ದಿನ ಪ್ಯಾರಾಸಿಟಮಾಲ್ 650 ಮಿ.ಗ್ರಾಂ 6 ಗಂಟೆಗೊಮ್ಮೆ. ಹೊಟ್ಟೆಯ ಹುಣ್ಣು, ಮೂತ್ರಪಿಂಡದ ತೊಂದರೆ ಇಲ್ಲದ ಕಾರಣ ಊಟದ ನಂತರ ಐಬುಪ್ರೊಫೆನ್ 400 ಮಿ.ಗ್ರಾಂ ಕೂಡ. ಅಮಾಕ್ಸಿಸಿಲಿನ್ ನಿಲ್ಲಿಸಲಾಯಿತು. ಜ್ವರವಿಲ್ಲದ, ಕೆಂಪು ಆಲೆಗೂ ಕೆನ್ನೆಗೂ ಹರಡದ, ರೋಗನಿರೋಧಕ ಶಕ್ತಿ ಕುಂದಿಲ್ಲದ ವ್ಯಕ್ತಿಗೆ ನುಂಗುವ ಆ್ಯಂಟಿಬಯಾಟಿಕ್ ಬೇಡ.

ಇಲ್ಲೊಂದು ಲೆಕ್ಕ ಹೇಳಲೇಬೇಕು. ಶೇ. 0.3ರ ಹನಿ ಎಂದರೆ ಒಂದು ಮಿ.ಲೀ.ನಲ್ಲಿ 3,000 ಮೈಕ್ರೋಗ್ರಾಂ ಔಷಧ. ಸಿಪ್ರೋಫ್ಲಾಕ್ಸಾಸಿನ್ 500 ಮಿ.ಗ್ರಾಂ ಮಾತ್ರೆ ನುಂಗಿದರೆ ರಕ್ತದಲ್ಲಿ ಗರಿಷ್ಠ ಏರುವುದು ಮಿ.ಲೀ.ಗೆ ಎರಡು ಮೂರು ಮೈಕ್ರೋಗ್ರಾಂ ಅಷ್ಟೆ. ಹನಿ ಅದರ ಸಾವಿರ ಪಟ್ಟು ಗಟ್ಟಿ. ಲ್ಯಾಬ್ ವರದಿಯಲ್ಲಿ ಬ್ಯಾಕ್ಟೀರಿಯಾ 'ನಿರೋಧಕ' ಎಂದು ಬಂದರೂ ಹನಿ ಕೆಲಸ ಮಾಡಬಹುದಾದ್ದು ಇದರಿಂದಲೇ. ಆ ವರದಿಯ ಗೆರೆ ರಕ್ತದಲ್ಲಿ ಸಿಗುವ ಪ್ರಮಾಣವನ್ನು ನೋಡಿ ಎಳೆದದ್ದು, ಕಿವಿಯಲ್ಲಿ ಸಿಗುವ ಪ್ರಮಾಣವನ್ನಲ್ಲ.

ಹನಿ ಬಿಡುವ ಕ್ರಮವನ್ನು ಹೆಂಡತಿಗೆ ತೋರಿಸಿಕೊಡಲಾಯಿತು, ತಮ್ಮ ಕಿವಿಗೆ ತಾವೇ ಹನಿ ಎಣಿಸಿ ಬಿಡುವುದು ಕಷ್ಟ. ಸೀಸೆಯನ್ನು ಅಂಗೈಯಲ್ಲಿ ಎರಡು ನಿಮಿಷ ಹಿಡಿದು ಬೆಚ್ಚಗಾಗಿಸಬೇಕು, ತಣ್ಣಗಿನ ಹನಿ ಬಿದ್ದರೆ ತಲೆ ತಿರುಗುತ್ತದೆ. ಎಡ ಮಗ್ಗುಲಿಗೆ ಮಲಗಿಸಿ, ಆಲೆಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು, ನಾಳದ ಗೋಡೆಯ ಗುಂಟ ಹನಿ ಇಳಿಬಿಡಬೇಕು. ರಂಧ್ರದ ಮುಂದಿನ ಮೃದ್ವಸ್ಥಿಯನ್ನು ನಾಲ್ಕೈದು ಬಾರಿ ಮೆಲ್ಲಗೆ ಒತ್ತಿ ಬಿಟ್ಟರೆ ಸಿಕ್ಕಿಕೊಂಡ ಗಾಳಿ ಹೊರಬಂದು ಮದ್ದು ಕೆಳಗಿಳಿಯುತ್ತದೆ. ಐದು ನಿಮಿಷ ಹಾಗೇ ಮಲಗಿರಬೇಕು. ಸೀಸೆಯ ಮೂತಿ ಕಿವಿಗೆ ತಾಗಬಾರದು. ಸ್ನಾನಕ್ಕೆ ಮೊದಲು ಹತ್ತಿಗೆ ವ್ಯಾಸಲೀನ್ ಸವರಿ ಕಿವಿಬಾಯಿಗೆ ಇಡುವುದು, ಸ್ನಾನವಾದೊಡನೆ ತೆಗೆಯುವುದು. ಈಜು, ಇಯರ್‌ಫೋನ್ ಎರಡೂ ಬಂದ್.

48 ಗಂಟೆಯ ನಂತರ ನೋವು ಅರ್ಧಕ್ಕಿಳಿದಿತ್ತು. ಅಷ್ಟರಲ್ಲೂ ಇಳಿಯದಿದ್ದರೆ, ಹೆಚ್ಚೆಂದರೆ 72 ಗಂಟೆ ನೋಡಿ, ಮತ್ತೆ ಪರೀಕ್ಷಿಸಬೇಕು: ಬತ್ತಿ ಜಾರಿರಬಹುದು, ಕೊಳೆ ಮತ್ತೆ ತುಂಬಿರಬಹುದು, ಹನಿಗೇ ಅಲರ್ಜಿಯಾಗಿರಬಹುದು, ಅಥವಾ ರೋಗವೇ ಬೇರೆಯಿರಬಹುದು. ಮೂರನೇ ದಿನ ಬತ್ತಿ ತಾನಾಗಿ ಹೊರಬಿತ್ತು, ಊತ ಇಳಿದು ನಾಳ ಅಗಲವಾದ ಗುರುತು. ಏಳನೇ ದಿನದ ಪರೀಕ್ಷೆಗೆ ಅವರು ಬರಲಿಲ್ಲ. ನೋವಿರಲಿಲ್ಲ, ಬ್ಯಾಂಕಿನ ಕೆಲಸ ಕಾಯುತ್ತಿತ್ತು.

ಇಪ್ಪತ್ತನಾಲ್ಕನೇ ದಿನ

ಮದ್ದು ಶುರುಮಾಡಿ 24ನೇ ದಿನ ಮತ್ತೆ ಬಂದರು. ಈ ಬಾರಿ ನೋವು ಕಡಿಮೆ, ಹುಚ್ಚು ಹಿಡಿಸುವ ತುರಿಕೆ, ಕಿವಿ ಕಟ್ಟಿದ ಹಾಗೆ. ಹನಿ ಯಾವಾಗ ನಿಲ್ಲಿಸಿದಿರಿ ಎಂದು ಕೇಳಿದಾಗ ಬಂದ ಉತ್ತರ: "ನಿಲ್ಲಿಸ್ಲಿಲ್ಲ ಡಾಕ್ಟ್ರೇ. ಸೀಸೆಯಲ್ಲಿ ಮದ್ದು ಇನ್ನೂ ಉಂಟಲ್ಲ, ಸುಮ್ನೆ ಹಾಳು ಯಾಕೆ ಅಂತ ದಿನಾ ಬಿಡ್ತಾ ಇದ್ದೆ."

ಈ ಮಾತನ್ನು ತಳ್ಳಿಹಾಕುವಂತಿಲ್ಲ. ಒಂದು ಮಿ.ಲೀ.ಗೆ ಸುಮಾರು 20 ಹನಿ. 4 ಹನಿ, ದಿನಕ್ಕೆರಡು ಬಾರಿ, 7 ದಿನ ಎಂದರೆ 56 ಹನಿ, ಮೂರು ಮಿ.ಲೀ.ಗೂ ಕಡಿಮೆ. ಸೀಸೆಯಲ್ಲಿರುವುದು 5 ಅಥವಾ 10 ಮಿ.ಲೀ. ಸರಿಯಾಗಿ ಬಳಸಿದವರ ಮನೆಯಲ್ಲೂ ಅರ್ಧ ಸೀಸೆ ಉಳಿದೇ ಉಳಿಯುತ್ತದೆ, ಹಣ ಕೊಟ್ಟು ತಂದದ್ದನ್ನು ಚೆಲ್ಲಲು ಯಾರಿಗೂ ಮನಸ್ಸು ಬರುವುದಿಲ್ಲ. ಇಂತಿಷ್ಟು ದಿನಕ್ಕೆ ನಿಲ್ಲಿಸಿ ಎನ್ನುವುದರ ಜೊತೆಗೆ 'ಉಳಿಯುತ್ತದೆ, ಉಳಿದದ್ದನ್ನು ಎಸೆಯಿರಿ' ಎಂದು ಬಾಯಿಬಿಟ್ಟು ಹೇಳಬೇಕು. ಮೊದಲ ಭೇಟಿಯಲ್ಲಿ ಬಿಟ್ಟುಹೋದದ್ದು ಆ ಒಂದು ಮಾತು.

ನಾಳದಲ್ಲಿ ಊತವಿರಲಿಲ್ಲ. ನೆನೆದ ಬ್ಲಾಟಿಂಗ್ ಪೇಪರಿನಂಥ ಬೂದು ಬಣ್ಣದ ಮುದ್ದೆ, ಅದರ ಮೇಲೆ ಕರಿಮೆಣಸಿನ ಪುಡಿ ಉದುರಿಸಿದಂತೆ ಕಪ್ಪು ಚುಕ್ಕಿಗಳು. ಆಸ್ಪರ್ಜಿಲಸ್ ನೈಗರ್ ಎಂಬ ಬೂಸ್ಟು ಬಿಟ್ಟ ಬೀಜಕಗಳವು. ಆ್ಯಂಟಿಬಯಾಟಿಕ್ ಹನಿ ನಾಳದ ಸಹಜ ಬ್ಯಾಕ್ಟೀರಿಯಾಗಳನ್ನೂ ಕೊಂದು ಜಾಗ ಖಾಲಿ ಮಾಡಿತ್ತು, ಸ್ಟೀರಾಯ್ಡ್ ಚರ್ಮದ ಎದುರಾಟವನ್ನು ತಗ್ಗಿಸಿತ್ತು, ದಿನಕ್ಕೆರಡು ಬಾರಿ ಬೀಳುವ ಹನಿ ನಾಳವನ್ನು ಒಣಗಲು ಬಿಟ್ಟಿರಲಿಲ್ಲ. ಹೊರಗೆ ಆಗಲೇ ಮುಂಗಾರು, ಬಟ್ಟೆಯೇ ಒಣಗದ ಕಾಲ.

ಈ ಹಂತದಲ್ಲಿ ಯಾವ ಆ್ಯಂಟಿಬಯಾಟಿಕ್ ಹನಿಯೂ ಪ್ರಯೋಜನವಿಲ್ಲ, ಬದಲಿಗೆ ಹಾನಿ. ಕಿವಿ ಕಟ್ಟಿದೆ ಎಂದು ಮತ್ತೆ ಗಟ್ಟಿಯಾದ ಆ್ಯಂಟಿಬಯಾಟಿಕ್‌ಗೆ ಹೋಗುವುದು ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು. ಹಳೆಯ ಸೀಸೆಯನ್ನು ನಿಲ್ಲಿಸಿ, ಮುದ್ದೆಯನ್ನು ಸಕ್ಷನ್‌ನಿಂದ ಪೂರ್ತಿ ತೆಗೆಯಲಾಯಿತು. ತಮಟೆ ಮೊದಲ ಬಾರಿಗೆ ಕಂಡಿತು. ತೂತಿಲ್ಲ, ಮುತ್ತಿನ ಹೊಳಪಿದೆ. ಆದ್ದರಿಂದ ಆಮ್ಲದ ಹನಿಯ ದಾರಿಯೂ ಈಗ ತೆರೆದಿತ್ತು. ಸಣ್ಣ ಪ್ರಮಾಣದ ಬೂಸ್ಟಿಗೆ ಶುಚಿಗೊಳಿಸುವುದರ ಜೊತೆ ಅಸೆಟಿಕ್ ಆಮ್ಲವೇ ಸಾಕಾಗುವುದುಂಟು. ಇಲ್ಲಿ ಮುದ್ದೆ ಬಹಳವಿದ್ದುದರಿಂದ ಶೇ. 1ರ ಕ್ಲೋಟ್ರಿಮಜೋಲ್ ಹನಿ, 4 ಹನಿ, ದಿನಕ್ಕೆ ಮೂರು ಬಾರಿ, 14 ದಿನ. ಒಂದು ಎಚ್ಚರಿಕೆ: ಕ್ಲೋಟ್ರಿಮಜೋಲ್ ಹೆಸರಿನಲ್ಲಿ ಕ್ಲೋರಾಂಫೆನಿಕಾಲ್ ಮತ್ತು ಸ್ಟೀರಾಯ್ಡ್ ಎರಡನ್ನೂ ಬೆರೆಸಿದ ಸೀಸೆಗಳು ನಮ್ಮ ಅಂಗಡಿಗಳಲ್ಲಿವೆ. ಚೀಟಿಯಲ್ಲಿ ಏನಿದೆ, ಲೇಬಲ್‌ನಲ್ಲಿ ಏನಿದೆ ಎರಡನ್ನೂ ಹೋಲಿಸಿ ನೋಡಿ ತರಬೇಕು. ಬೂಸ್ಟು ಬಂದ ಈ ಕಿವಿಗೆ ಬೇಕಾದದ್ದು ಆ ಎರಡೂ ಇಲ್ಲದ ಸೀಸೆ.

ಐದು ದಿನ ಬಿಟ್ಟು ಮತ್ತೊಮ್ಮೆ ಸಕ್ಷನ್. ತುರಿಕೆ ನಿಂತ ಮಾತ್ರಕ್ಕೆ ಬೂಸ್ಟು ಹೋಯಿತೆಂದಲ್ಲ, ಮೂಲೆಯಲ್ಲಿ ಒಂದಿಷ್ಟು ಉಳಿದರೂ ತಿಂಗಳೊಳಗೆ ಮರಳುತ್ತದೆ. ಅದಕ್ಕೇ 14 ದಿನ ಪೂರ್ತಿ ಮಾಡಿಸಿದ್ದು.

ಆಮೇಲಿನ ದಿನಗಳಿಗೆ

ಈಜು ಪೂರ್ತಿ ಬಿಡಬೇಕೆಂದೇನೂ ಹೇಳಲಿಲ್ಲ, ಮಗಳು ಇನ್ನೂ ಕಲಿಯುತ್ತಿದ್ದಾಳೆ. ಕೊಳದಿಂದ ಮೇಲೆ ಬಂದಾಗ ತಲೆ ವಾಲಿಸಿ ನೀರು ಇಳಿಸುವುದು, ಹೇರ್ ಡ್ರೈಯರನ್ನು ಕಡಿಮೆ ಬಿಸಿಯಲ್ಲಿ ಒಂದಡಿ ದೂರದಿಂದ ಅರ್ಧ ನಿಮಿಷ ಹಿಡಿಯುವುದು. ತಮಟೆ ಗಟ್ಟಿಯಿದೆಯೆಂದು ಖಚಿತವಾದ್ದರಿಂದ ಈಜಿದ ದಿನ ಮಾತ್ರ ಮೂರು ಹನಿ ಆಮ್ಲ. ಸಿದ್ಧ ಸೀಸೆ ಸಿಗದಿದ್ದರೆ ಅಡುಗೆಯ ಬಿಳಿ ವಿನೆಗರ್ ಒಂದು ಪಾಲು, ಕುದಿಸಿ ಆರಿಸಿದ ನೀರು ಒಂದು ಪಾಲು. ವಿನೆಗರ್‌ನಲ್ಲಿ ಶೇ. 4ರಿಂದ 5 ಆಮ್ಲವಿರುವುದರಿಂದ ಬೆರಕೆ ಶೇ. 2ರ ಆಸುಪಾಸಿಗೆ ಬರುತ್ತದೆ. ಅದನ್ನು ಆಯಾ ದಿನವೇ ಮಾಡಿಕೊಳ್ಳಬೇಕು. ಇದು ಸೋಂಕು ಬಾರದಂತೆ ತಡೆಯಲು ಮಾತ್ರ. ನೋವು ಶುರುವಾದ ಕಿವಿಗೂ, ತೂತಿರುವ ಅಥವಾ ಹಿಂದೆ ಆಪರೇಷನ್ ಆದ ಕಿವಿಗೂ, ತಮಟೆಯಲ್ಲಿ ನಳಿಕೆ ಇಟ್ಟ ಮಕ್ಕಳ ಕಿವಿಗೂ ಇದನ್ನು ಬಿಡಬಾರದು.

ಆರನೇ ವಾರದ ಪರೀಕ್ಷೆಯಲ್ಲಿ ಚರ್ಮ ಒಣಗಿ ಸಹಜ ಬಣ್ಣಕ್ಕೆ ಬಂದಿತ್ತು. ನಾಳದ ಹೊರಭಾಗದಲ್ಲಿ, ಮೃದ್ವಸ್ಥಿಯ ಮೇಲೆ, ಜೇನುಬಣ್ಣದ ತೆಳುವಾದ ಗುಗ್ಗೆಯ ಪದರ ಮತ್ತೆ ಕಾಣಿಸಿಕೊಂಡಿತ್ತು. "ಅದನ್ನೊಂದು ತೆಗೆದುಬಿಡಿ ಡಾಕ್ಟ್ರೇ" ಎಂದರು. ತೆಗೆಯಲಿಲ್ಲ. ಕಿವಿಗೆ ಬೇಕಾದ ಹುಳಿ ಇರುವುದೇ ಅದರಲ್ಲಿ ಎಂದು ಕನ್ನಡಿಯಲ್ಲಿ ತೋರಿಸಿ, ಹಾಗೆಯೇ ಬಿಟ್ಟು ಕಳುಹಿಸಲಾಯಿತು.